ಪಂಕ್ತಿಗೆ ಎಲೆ ಹಾಕುವವರು ಯಾರು?

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಬಿ.ಎ. ತರಗತಿಯ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದು, "ಸರ್, ಕೌಟಿಲ್ಯನ ಅರ್ಥಶಾಸ್ತ್ರ ಬೇಕಾಗಿತ್ತು, ಲೈಬ್ರರಿಯಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ" ಎಂದಳು. ನಾನು ಕನ್ನಡದ ಅಧ್ಯಾಪಕ. ಈ ದೂರು ನನ್ನ ಬಳಿಗೆ ಬರಬೇಕಾದದ್ದಲ್ಲ. ಆದರೆ ಹಿಂದಿನ ವಾರ ತರಗತಿಯಲ್ಲಿ ಪ್ರಸಂಗವಶಾತ್ ವಿಶಾಖದತ್ತನ 'ಮುದ್ರಾರಾಕ್ಷಸ'ದ ಕಥೆ ಹೇಳಿದ್ದೆ. ಆ ತಪ್ಪಿಗೆ ಪುಸ್ತಕ ಹುಡುಕುವ ಹೊಣೆಯೂ ನನ್ನದಾಯಿತು.

ಇಬ್ಬರೂ ಹೋಗಿ ನೋಡಿದೆವು. ರಾಜ್ಯಶಾಸ್ತ್ರದ ಕಪಾಟಿನಲ್ಲಿ ಅದು ಇರಲಿಲ್ಲ. ಸಂಸ್ಕೃತದ ಕಪಾಟಿನಲ್ಲಿಯೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬ್ಯಾಂಕಿಂಗ್, ಹಣದುಬ್ಬರ, ಸಾರ್ವಜನಿಕ ಹಣಕಾಸು ಮುಂತಾದ ಪಠ್ಯಪುಸ್ತಕಗಳ ನಡುವೆ! ಹೆಸರು ಅರ್ಥಶಾಸ್ತ್ರವೆಂದಿದೆಯಲ್ಲ, ಯಾರೋ ಪುಣ್ಯಾತ್ಮರು ಹೆಸರನ್ನು ನಂಬಿ ಅಲ್ಲಿಟ್ಟುಬಿಟ್ಟಿದ್ದರು. ಧೂಳು ಕೊಡವಿ ತೆಗೆದುಕೊಟ್ಟಾಗ ಗ್ರಂಥಪಾಲಕರು ನಕ್ಕು, "ಹಾಗಾದರೆ ಇದನ್ನು ಎಲ್ಲಿಡಬೇಕು ಮೇಷ್ಟ್ರೇ, ನೀವೇ ಹೇಳಿ" ಎಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಹುಡುಗಿಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. "ಪ್ಲೇಟೊ, ಹಾಬ್ಸ್, ಲಾಕ್ ಇವರೆಲ್ಲ ಒಂದು ಪೇಪರಿನಲ್ಲಿದ್ದಾರೆ, ಕೌಟಿಲ್ಯ ಬೇರೆ ಪೇಪರಿನಲ್ಲಿ. ಯಾರು ಸರ್ ಹಾಗೆ ತೀರ್ಮಾನ ಮಾಡಿದ್ದು?" ನಾನು ಮೇಷ್ಟ್ರುಗಳು ಇಂಥ ವೇಳೆಯಲ್ಲಿ ಕೊಡುವ ಉತ್ತರವನ್ನೇ ಕೊಟ್ಟೆ: "ಕಾಲ, ಕಣಮ್ಮ. ಕಾಲದ ಜರಡಿಯಲ್ಲಿ ಉಳಿದದ್ದು ಗಟ್ಟಿ, ಸೋರಿದ್ದು ಜೊಳ್ಳು." ಅವಳು ತಲೆಯಾಡಿಸಿ ಹೊರಟುಹೋದಳು. ಮನೆಗೆ ಬರುವ ದಾರಿಯಲ್ಲಿ ನನ್ನ ಉತ್ತರ ನನಗೇ ಸರಿದೋರಲಿಲ್ಲ. ಜರಡಿ ತಾನಾಗಿ ಅಲ್ಲಾಡುವುದಿಲ್ಲ. ಅದನ್ನು ಹಿಡಿದ ಕೈಗಳಿರುತ್ತವೆ. ಆ ಕೈಗಳು ಯಾರವು? ಈ ಲೇಖನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ.

ರಾಜ್ಯ ಎಂದರೇನು, ಒಬ್ಬ ಮನುಷ್ಯ ಇನ್ನೊಬ್ಬನ ಆಜ್ಞೆಗೆ ಏಕೆ ತಲೆಬಾಗಬೇಕು, ಒಳ್ಳೆಯ ಆಳ್ವಿಕೆಯ ಲಕ್ಷಣವೇನು ಎಂದು ವಿಚಾರಿಸಿದ ಗ್ರಂಥಗಳು ಲೋಕದಲ್ಲಿ ಸಾವಿರಾರು ಇವೆ. ಅವುಗಳಲ್ಲಿ ಹತ್ತು ಹನ್ನೆರಡನ್ನು ಮಾತ್ರ ವಿಶ್ವವಿದ್ಯಾನಿಲಯಗಳು ಓದಿಸುತ್ತವೆ. ಓದಿದವರು ಅವನ್ನೇ ಮತ್ತೆ ಓದಿಸುತ್ತಾರೆ. ಹೀಗೆ ಮಾನ್ಯವಾದ ಗ್ರಂಥಗಳ ಸಾಲಿಗೆ ನಾನು 'ಪಂಕ್ತಿ' ಎಂಬ ಮಾತನ್ನು ಬಳಸುತ್ತೇನೆ. ನಮ್ಮಲ್ಲಿ ಪಂಕ್ತಿ ಎಂದರೆ ಬರಿಯ ಸಾಲಲ್ಲ. ಊಟಕ್ಕೆ ಕೂತವರ ಸಾಲು. ಅಲ್ಲಿ ಯಾರಿಗೆ ಎಲೆ ಹಾಕಬೇಕು, ಯಾರು ಎರಡನೆಯ ಪಂಕ್ತಿಗೆ ಕಾಯಬೇಕು, ಯಾರು ಹೊರಗಿನ ಜಗಲಿಯಲ್ಲೇ ಉಳಿಯಬೇಕು ಎಂಬುದನ್ನು ಹಸಿವು ನಿರ್ಣಯಿಸುವುದಿಲ್ಲ. ಎಲೆ ಹಾಕುವವರು ನಿರ್ಣಯಿಸುತ್ತಾರೆ. ರಾಜ್ಯತತ್ತ್ವದ ಪಂಕ್ತಿಯ ಸಂಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ ಎಂಬುದೇ ನನ್ನ ವಾದ.

ಪಂಕ್ತಿಯ ಮೊದಲ ಎರಡು ಎಲೆಗಳು ಪ್ಲೇಟೊ ಮತ್ತು ಅರಿಸ್ಟಾಟಲರವು. ಇವರ ಸ್ಥಾನವಂತೂ ನಿರ್ವಿವಾದ, ಸ್ವಯಂಸಿದ್ಧ ಎಂದು ನಾವು ಭಾವಿಸುತ್ತೇವೆ. ಆದರೆ 12ನೆಯ ಶತಮಾನದ ಕೊರ್ಡೋಬದ ಇಬ್ನ್ ರುಶ್ದನನ್ನು ನೋಡಿ. ಅರಿಸ್ಟಾಟಲನಿಗೆ ಭಾಷ್ಯ ಬರೆಯುವುದನ್ನೇ ಬಾಳಿನ ಕೆಲಸ ಮಾಡಿಕೊಂಡ ಮಹಾವಿದ್ವಾಂಸ ಅವನು. ಆದರೆ ರಾಜ್ಯದ ವಿಷಯಕ್ಕೆ ಬಂದಾಗ ಅವನು ವ್ಯಾಖ್ಯಾನಿಸಿದ್ದು ಪ್ಲೇಟೋನ 'ರಿಪಬ್ಲಿಕ್' ಗ್ರಂಥವನ್ನು. ಕಾರಣವನ್ನು ಅವನೇ ಹೇಳಿದ್ದಾನೆ: ಅರಿಸ್ಟಾಟಲನ 'ಪಾಲಿಟಿಕ್ಸ್' ಅವನ ಕೈಗೆ ಸಿಕ್ಕಿರಲಿಲ್ಲ. ಲ್ಯಾಟಿನ್ ಬಲ್ಲ ಯೂರೋಪಿನಲ್ಲಿ ನಡೆದದ್ದು ಇದರ ತಿರುವುಮುರುವು. ಅಲ್ಲಿ ಸುಮಾರು 1260ರ ಹೊತ್ತಿಗೆ ಮೋರ್ಬೆಕೆಯ ವಿಲಿಯಂ ಎಂಬ ಪಾದ್ರಿ 'ಪಾಲಿಟಿಕ್ಸ್' ಅನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತಂದ. ಥಾಮಸ್ ಅಕ್ವಿನಾಸ್ ಅದನ್ನು ಓದಿ ಬರೆದ. 'ರಿಪಬ್ಲಿಕ್' ಆ ಭಾಷೆಗೆ ಇಡಿಯಾಗಿ ಬಂದದ್ದು 15ನೆಯ ಶತಮಾನದ ಆರಂಭದಲ್ಲಿ. ಎರಡು ನಾಗರಿಕತೆಗಳು, ಒಂದೇ ಗ್ರೀಸಿನ ಮಕ್ಕಳು, ರಾಜ್ಯದ ಬಗೆಗೆ ಎರಡು ಬೇರೆ ಗ್ರಂಥಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಯೋಚಿಸಿದವು. ಹಾಗೆ ಮಾಡಿದ್ದು ಗುಣವನ್ನು ತೂಗಿ ನೋಡಿ ಅಲ್ಲ. ಯಾವ ಹಸ್ತಪ್ರತಿ ಯಾವ ಊರಿಗೆ ಹೋಯಿತು ಎಂಬ ಆಕಸ್ಮಿಕದಿಂದ.

ಸಿಸಿರೋನ 'ಡಿ ರೆ ಪಬ್ಲಿಕ'ದ ಕಥೆ ಇನ್ನೂ ವಿಚಿತ್ರ. ಅದರ ಕೀರ್ತಿ ಮಾತ್ರ ಎಲ್ಲರಿಗೂ ಗೊತ್ತಿತ್ತು, ಕೊನೆಯ ಒಂದು ಭಾಗ ಪ್ರತ್ಯೇಕವಾಗಿ ಉಳಿದಿತ್ತು, ಗ್ರಂಥ ಮಾಯವಾಗಿತ್ತು. 1819ರಲ್ಲಿ ವ್ಯಾಟಿಕನ್ನಿನ ಗ್ರಂಥಪಾಲಕ ಆಂಜೆಲೊ ಮಾಯಿ ಒಂದು ಚರ್ಮದ ಹಸ್ತಪ್ರತಿಯನ್ನು ಪರೀಕ್ಷಿಸುತ್ತಿದ್ದಾಗ, ಮೇಲೆ ಬರೆದಿದ್ದ ಸಂತ ಆಗಸ್ಟೀನನ ಕೀರ್ತನೆಗಳ ವ್ಯಾಖ್ಯಾನದ ಕೆಳಗೆ, ಕೆರೆದು ಅಳಿಸಿದ ಹಳೆಯ ಅಕ್ಷರಗಳು ಕಂಡವು. ಅದು ಸಿಸಿರೋನ ಕಳೆದುಹೋದ ಗ್ರಂಥದ ಒಂದು ದೊಡ್ಡ ಪಾಲು. ಚರ್ಮದ ಹಾಳೆ ದುಬಾರಿ. ಯಾರೋ ಹಳೆಯದನ್ನು ಕೆರೆದು ಹೊಸದನ್ನು ಬರೆದಿದ್ದರು. ಅವರ ಪಾಲಿಗೆ ಆಗ ಬೇಕಾಗಿದ್ದದ್ದು ಆಗಸ್ಟೀನ್. 1822ರಲ್ಲಿ ಅದು ಅಚ್ಚಾದ ಮೇಲೆ ಸಿಸಿರೊ ಮತ್ತೆ ಪಂಕ್ತಿಗೆ ಬಂದ.

ಉಳಿಯುವುದು ಆಕಸ್ಮಿಕವಾದರೆ, ಉಳಿದದ್ದಕ್ಕೆ ಮನ್ನಣೆ ಸಿಗುವುದಾದರೂ ನ್ಯಾಯವಾಗಿಯೇ? 1683ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ರಾಜದ್ರೋಹದ ಗ್ರಂಥಗಳೆಂದು ಕೆಲವನ್ನು ಖಂಡಿಸಿ ಸುಡಿಸಿತು. ಆ ಪಟ್ಟಿಯಲ್ಲಿ ಹಾಬ್ಸನ 'ಲೆವಯತನ್' ಇತ್ತು. ಇಂದು ಅದೇ ವಿಶ್ವವಿದ್ಯಾನಿಲಯದಲ್ಲಿ ರಾಜ್ಯತತ್ತ್ವ ಓದಲು ಹೋದವನಿಗೆ ಹಾಬ್ಸ್ ಬಾರದಿದ್ದರೆ ಗತಿಯಿಲ್ಲ. ಗ್ರಂಥ ಬದಲಾಗಲಿಲ್ಲ, ಒಂದಕ್ಷರವೂ ಬದಲಾಗಲಿಲ್ಲ, ಬದಲಾದವರು ಓದುವವರು. ಅದೇ ಆಕ್ಸ್‌ಫರ್ಡಿನಲ್ಲಿ 19ನೆಯ ಶತಮಾನದಲ್ಲಿ ಬೆಂಜಮಿನ್ ಜೊವೆಟ್ ಪ್ಲೇಟೋವನ್ನು ಹೊಸದಾಗಿ ಪ್ರತಿಷ್ಠಾಪಿಸಿದ; 1871ರಲ್ಲಿ ಅವನ ಇಂಗ್ಲಿಷ್ ಅನುವಾದ ಹೊರಬಂತು. ಅವನ ಬೇಲಿಯಲ್ ಕಾಲೇಜಿನಲ್ಲಿ ಓದಿದ ಎಷ್ಟೋ ಮಂದಿ ಐ.ಸಿ.ಎಸ್. ಅಧಿಕಾರಿಗಳಾಗಿ ನಮ್ಮ ದೇಶಕ್ಕೆ ಬಂದರು. ನ್ಯಾಯವಂತ ರಾಜ್ಯದಲ್ಲಿ ತಿಳಿದವರು ಆಳಬೇಕೆಂದ ಪ್ಲೇಟೊ ಅವರಿಗೆ ಹಿತವಾಗಿ ಕಂಡಿದ್ದರೆ ಆಶ್ಚರ್ಯವೇನು?

ಇನ್ನು ಜಗಳದ ವಿಷಯ. ಲಾಕ್ ತನ್ನ ಎರಡು ಪ್ರಬಂಧಗಳ ಗ್ರಂಥವನ್ನು 1689ರ ಕೊನೆಯಲ್ಲಿ ಹೆಸರಿಲ್ಲದೆ ಪ್ರಕಟಿಸಿದ. ಅದರ ಮೊದಲ ಪ್ರಬಂಧವೆಲ್ಲ ಸರ್ ರಾಬರ್ಟ್ ಫಿಲ್ಮರ್ ಎಂಬವನ ಖಂಡನೆ. ತಂದೆಗೆ ಮಕ್ಕಳ ಮೇಲೆ ಅಧಿಕಾರವಿದ್ದಂತೆ ರಾಜನಿಗೆ ಪ್ರಜೆಗಳ ಮೇಲೆ ದೇವರಿತ್ತ ಅಧಿಕಾರವುಂಟು ಎಂದು ಫಿಲ್ಮರ್ ಸಾಧಿಸಿದ್ದ. ಆ ಕಾಲದಲ್ಲಿ ಅವನದು ದೊಡ್ಡ ಹೆಸರು. ಇಲ್ಲದಿದ್ದರೆ ಲಾಕ್ ಅಷ್ಟು ಶ್ರಮಪಡುತ್ತಿರಲಿಲ್ಲ. ಇಂದು ವಿದ್ಯಾರ್ಥಿಗಳು ಎರಡನೆಯ ಪ್ರಬಂಧವನ್ನು ಮಾತ್ರ ಓದುತ್ತಾರೆ. ಸೋತವನನ್ನು ಮರೆತದ್ದರಿಂದ ಗೆದ್ದವನು ಯಾರ ಮೇಲೆ ಕೂಗಾಡುತ್ತಿದ್ದಾನೆಂಬುದೇ ತಿಳಿಯದಂತಾಗಿದೆ. ಒಂದು ಕಡೆಯ ಮಾತು ಮಾತ್ರ ಕೇಳುವ ಟೆಲಿಫೋನಿನಂತೆ. ಲಾಕ್ 1688ರ ಕ್ರಾಂತಿಯನ್ನು ಸಮರ್ಥಿಸಲೆಂದೇ ಈ ಗ್ರಂಥ ಬರೆದನೆಂದು ಎಷ್ಟೋ ತಲೆಮಾರುಗಳು ಪಾಠ ಹೇಳಿದವು. ಪೀಟರ್ ಲಾಸ್ಲೆಟ್ 1949ರಲ್ಲಿ ಫಿಲ್ಮರನನ್ನು ಮತ್ತೆ ಅಚ್ಚು ಹಾಕಿಸಿ, 1960ರಲ್ಲಿ ಲಾಕನನ್ನು ಪರಿಷ್ಕರಿಸಿದಾಗ, ಗ್ರಂಥದ ಬಹುಭಾಗ ಕ್ರಾಂತಿಗೆ ಹಲವು ವರ್ಷಗಳ ಮೊದಲೇ ಬರೆದದ್ದೆಂದು ತೋರಿಸಿಕೊಟ್ಟರು. ಪಂಕ್ತಿಯಿಂದ ಎಬ್ಬಿಸಿದವನನ್ನು ಮತ್ತೆ ಕರೆದು ವಿಚಾರಿಸಿದ ಮೇಲೆಯೇ ಕೂತವನ ನಿಜಸ್ಥಿತಿ ತಿಳಿದಂತಾಯಿತು.

ಎಬ್ಬಿಸಿದವರಿಗಿಂತ ಹೆಚ್ಚು, ಒಳಗೇ ಬಿಡದವರ ಕಥೆ. ನಾನು ಪದವಿ ತರಗತಿಯಲ್ಲಿ ಕನ್ನಡದ ಜೊತೆಗೆ ರಾಜ್ಯಶಾಸ್ತ್ರವನ್ನೂ ಓದಿದವನು. ಫ್ರಾನ್ಸಿನ ಮಹಾಕ್ರಾಂತಿಯನ್ನು ಖಂಡಿಸಿ ಎಡ್ಮಂಡ್ ಬರ್ಕ್ 1790ರಲ್ಲಿ ಬರೆದ. 1791ರಲ್ಲಿ ಟಾಮ್ ಪೇನ್ ಉತ್ತರ ಕೊಟ್ಟ. ಇದು ನಾನು ಬಾಯಿಪಾಠ ಮಾಡಿದ ಪಾಠ. ಆದರೆ ಪೇನನಿಗಿಂತ ಮೊದಲು, ಬರ್ಕನ ಗ್ರಂಥ ಹೊರಬಿದ್ದ ಕೆಲವೇ ವಾರಗಳಲ್ಲಿ, ಮೇರಿ ವೊಲ್‌ಸ್ಟನ್‌ಕ್ರಾಫ್ಟ್ ಎಂಬಾಕೆ ಉತ್ತರ ಬರೆದಿದ್ದಳು. ಎರಡು ವರ್ಷಗಳ ಮೇಲೆ, 1792ರಲ್ಲಿ, ಮನುಷ್ಯರ ಹಕ್ಕು ಎಂದು ಕೂಗುವವರು ಹೆಂಗಸರನ್ನು ಏಕೆ ಎಣಿಸುವುದಿಲ್ಲವೆಂದು ಕೇಳಿ ಇನ್ನೊಂದು ಗ್ರಂಥ ಬರೆದಳು. ಅವಳು ತೀರಿಕೊಂಡ ಮೇಲೆ ಗಂಡ ವಿಲಿಯಂ ಗಾಡ್ವಿನ್ ಮುಚ್ಚುಮರೆಯಿಲ್ಲದೆ ಅವಳ ಬಾಳಿನ ಕಥೆಯನ್ನು ಬರೆದದ್ದೇ ನೆಪವಾಯಿತು. ಲೋಕ ಅವಳ ನಡತೆಯನ್ನು ಚರ್ಚಿಸಿತು, ವಾದವನ್ನು ಬದಿಗಿಟ್ಟಿತು. ಫ್ರಾನ್ಸಿನಲ್ಲಿ ರೂಸೊ ತನ್ನ ಮಕ್ಕಳನ್ನು ಅನಾಥಾಲಯಕ್ಕೆ ಕೊಟ್ಟಿದ್ದ; ಅದು ಲೋಕಕ್ಕೆಲ್ಲ ತಿಳಿದ ಮಾತು. ಅದರಿಂದ ಅವನ ಎಲೆಗೇನೂ ಕುಂದು ಬರಲಿಲ್ಲ. ನಾನು ಓದಿದ ಪಠ್ಯದಲ್ಲಿ ಅವಳ ಹೆಸರೇ ಇರಲಿಲ್ಲ. ಆಗ ನನಗೆ ಆ ಕೊರತೆ ಗೊತ್ತಾಗಲೂ ಇಲ್ಲ. ಪಂಕ್ತಿಯ ಶಕ್ತಿ ಇರುವುದು ಇಲ್ಲಿಯೇ: ಹೊರಗೆ ನಿಂತವರು ಒಳಗೆ ಉಣ್ಣುವವರಿಗೆ ಕಾಣಿಸುವುದಿಲ್ಲ.

ಈಗ ಗ್ರಂಥಾಲಯದ ಆ ಪುಸ್ತಕಕ್ಕೆ ಬರೋಣ.

ರಾಜ್ಯತತ್ತ್ವದ ಇತಿಹಾಸ ಎಂಬ ಪಠ್ಯವಿಷಯಕ್ಕೆ ರೂಪು ಕೊಟ್ಟವರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಡನಿಂಗ್ ಒಬ್ಬ ಮುಖ್ಯರು. ಅವರ ಮೂರು ಸಂಪುಟಗಳಲ್ಲಿ ಮೊದಲನೆಯದು 1902ರಲ್ಲಿ ಪ್ರಕಟವಾಯಿತು. ಯೂರೋಪನ್ನು ಮಾತ್ರ ಏಕೆ ತೆಗೆದುಕೊಂಡಿರಿ ಎಂದು ಕೇಳುವವರಿಗೆ ಅವರು ಮೊದಲೇ ಉತ್ತರ ಕೊಟ್ಟಿದ್ದರು: ಪೂರ್ವದೇಶದ ಆರ್ಯರು ತಮ್ಮ ರಾಜಕೀಯವನ್ನು ಧರ್ಮ ಮತ್ತು ಅಧ್ಯಾತ್ಮಗಳಿಂದ ಬಿಡಿಸಿಕೊಳ್ಳಲೇ ಇಲ್ಲ, ಆದುದರಿಂದ ಅವರಲ್ಲಿ ಶುದ್ಧವಾದ ರಾಜ್ಯತತ್ತ್ವವೆಂಬುದಿಲ್ಲ ಎಂಬುದು ಅದರ ಸಾರ. ದುರುದ್ದೇಶದ ಮಾತು ಇದಲ್ಲ. ಅವರ ಮುಂದಿದ್ದ ಪುಸ್ತಕಗಳನ್ನು ನೋಡಿ ಆಡಿದ ಮಾತು. ಬಾಗಿಲು ಮುಚ್ಚುವ ಕೈ ಯಾವಾಗಲೂ ಕೆಟ್ಟವರದೇ ಆಗಿರಬೇಕಿಲ್ಲ.

ಡನಿಂಗರ ಎರಡನೆಯ ಸಂಪುಟ 1905ರಲ್ಲಿ ಹೊರಬಂತು. ಅದೇ 1905ರಲ್ಲಿ ಮೈಸೂರಿನಿಂದ ಒಂದು ಸುದ್ದಿ ಹೊರಟಿತು. ವಿಕ್ಟೋರಿಯ ರಾಣಿಯ ಜ್ಯುಬಿಲಿಯ ಹೆಸರಿನ ಕಟ್ಟಡದಲ್ಲಿದ್ದ, 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ತಂದುಕೊಟ್ಟಿದ್ದರು. ಗ್ರಂಥಲಿಪಿಯಲ್ಲಿದ್ದ ಆ ಓಲೆಗಳನ್ನು ಓದಿ ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1905ರಿಂದ ಅವರು ಇಂಗ್ಲಿಷ್ ಅನುವಾದವನ್ನು ಭಾಗಭಾಗವಾಗಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಪೂರ್ಣ ಅನುವಾದ ಹೊರಬಂತು. ಓಲೆಗಳನ್ನು ತಂದುಕೊಟ್ಟ ಪಂಡಿತರನ್ನು ಇತಿಹಾಸ "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ" ಎಂದಷ್ಟೇ ನೆನೆಯುತ್ತದೆ. ಅವರು ಅಂದು ಬಂಡಿ ಹತ್ತದೆ ಉಳಿದಿದ್ದರೆ, ಶಾಸ್ತ್ರಿಗಳಿಗೆ ಆ ಲಿಪಿ ಬಾರದಿದ್ದರೆ, ಏನಾಗುತ್ತಿತ್ತೋ ಹೇಳುವವರು ಯಾರು?

ಕನ್ನಡದವನಾಗಿ ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಈ ಗ್ರಂಥ ಮರೆಯಾಗಿದ್ದರೂ ಹೆಸರು ಅಳಿದಿರಲಿಲ್ಲ. ದಂಡಿ ಅದನ್ನು ನೆನೆದಿದ್ದಾನೆ. ಬಾಣ ಅದರ ಕ್ರೌರ್ಯವನ್ನು ಬೈದಿದ್ದಾನೆ. ಕಾಮಂದಕ ಅದನ್ನು ಸಂಗ್ರಹಿಸಿದ್ದಾನೆ. ನಮಗೆ ಇನ್ನೂ ಹತ್ತಿರದವನು ಸೋಮದೇವಸೂರಿ. ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯರ ಮನೆತನದ ಆಶ್ರಯದಲ್ಲಿ, 959ರಲ್ಲಿ, ತನ್ನ 'ಯಶಸ್ತಿಲಕ'ವನ್ನು ಮುಗಿಸಿದ ಈ ಜೈನ ವಿದ್ವಾಂಸನ 'ನೀತಿವಾಕ್ಯಾಮೃತ'ದಲ್ಲಿ ಕೌಟಿಲ್ಯನ ನೆರಳು ದಟ್ಟವಾಗಿ ಬಿದ್ದಿದೆ. ಅಂದರೆ ಹತ್ತನೆಯ ಶತಮಾನದಲ್ಲಿ, ಕನ್ನಡದ ಆದಿಕವಿಯನ್ನು ಪೊರೆದ ರಾಜಮನೆತನದ ನೆರಳಿನಲ್ಲಿ, ಈ ಶಾಸ್ತ್ರ ಜೀವಂತವಾಗಿತ್ತು. ಆಮೇಲೆ ಅದನ್ನು ಪ್ರತಿ ಮಾಡುವವರು ಕಡಮೆಯಾದರು. ಯಾರೂ ಸುಡಲಿಲ್ಲ, ಯಾರೂ ನಿಷೇಧಿಸಲಿಲ್ಲ. ಪ್ರತಿ ಮಾಡದಿರುವುದೇ ಸಾಕು. ತಾಳೆಯೋಲೆಯ ಕಾಲದಲ್ಲಿ ಅದಕ್ಕಿಂತ ನಿಶ್ಚಿತವಾದ ಮರಣದಂಡನೆ ಬೇರೊಂದಿಲ್ಲ.

ಹಾಗಾದರೆ 1909ರ ಬಳಿಕ ಕೌಟಿಲ್ಯನಿಗೆ ಪಂಕ್ತಿಯಲ್ಲಿ ಎಲೆ ಬಿತ್ತಲ್ಲ ಎಂದು ಓದುಗರು ಕೇಳಬಹುದು. ಬಿತ್ತು, ಆದರೆ ಹೇಗೆ ಬಿತ್ತೆಂಬುದನ್ನು ನೋಡಬೇಕು. 1919ರಲ್ಲಿ ಜರ್ಮನಿಯ ಮ್ಯಾಕ್ಸ್ ವೆಬರ್ ರಾಜಕಾರಣದ ಬಗೆಗಿನ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ, ಈ ಗ್ರಂಥದ ಮುಂದೆ ಮೆಕಿಯವೆಲ್ಲಿಯ 'ಪ್ರಿನ್ಸ್' ನಿರುಪದ್ರವಿಯಾದ ಪುಸ್ತಕ ಎಂಬರ್ಥದ ಮಾತು ಹೇಳಿದ. ಅಂದಿನಿಂದ 'ಭಾರತದ ಮೆಕಿಯವೆಲ್ಲಿ' ಎಂಬ ಬಿರುದು ಕೌಟಿಲ್ಯನಿಗೆ ಅಂಟಿಕೊಂಡಿತು. ಇದು ಹೊಗಳಿಕೆಯೋ ತೆಗಳಿಕೆಯೋ ಎಂಬುದಕ್ಕಿಂತ, ಇದು ಅತಿಥಿಯ ಎಲೆ ಎಂಬುದು ಮುಖ್ಯ. ಯಾರದೋ ಹೋಲಿಕೆಯಿಂದ ಒಳಗೆ ಬಂದವನನ್ನು ಆ ಹೋಲಿಕೆ ಎಷ್ಟು ಬೇಕೋ ಅಷ್ಟೇ ಓದುತ್ತಾರೆ. ಗೂಢಚಾರರು, ವಿಷಕನ್ಯೆಯರು, ನೆರೆರಾಜ್ಯ ಶತ್ರು ಅದರಾಚೆಯದು ಮಿತ್ರ ಎಂಬ ಮಂಡಲ, ಇವಿಷ್ಟು ಎಲ್ಲರಿಗೂ ಗೊತ್ತು. ಇವುಗಳಲ್ಲಿ ವಿಷಕನ್ಯೆಯಂತೂ ನಾಟಕದಿಂದ ಬಂದು ಸೇರಿಕೊಂಡವಳು.

ಹದಿನೈದು ಅಧಿಕರಣಗಳ ಈ ಗ್ರಂಥದಲ್ಲಿ ಅತ್ಯಂತ ದೀರ್ಘವಾದದ್ದು ಎರಡನೆಯದು. ಅಲ್ಲಿರುವುದು ವಿಷವಲ್ಲ, ತೂಕ, ಅಳತೆ, ಗಣಿ, ಉಪ್ಪು, ಆನೆಯ ಕಾಡು, ಸುಂಕ, ಲೆಕ್ಕಪತ್ರ. ಬೊಕ್ಕಸದ ಹಣವನ್ನು ಅಧಿಕಾರಿಗಳು ನುಂಗುವ ನಲವತ್ತು ಬಗೆಗಳನ್ನು ಅವನು ಎಣಿಸಿ ಕೊಟ್ಟಿದ್ದಾನೆ. ನೂಲಿನ ಅಧ್ಯಕ್ಷನು ವಿಧವೆಯರಿಗೂ ಅಂಗವಿಕಲ ಹೆಂಗಸರಿಗೂ ನೂಲುವ ಕೆಲಸ ಕೊಟ್ಟು ನೂಲಿಗೆ ತಕ್ಕ ಕೂಲಿ ಕೊಡಬೇಕೆಂದು ಹೇಳಿದ್ದಾನೆ. ಮನೆಯಿಂದ ಹೊರಬರದ ಹೆಂಗಸರಿಗೆ ಕೆಲಸ ತಲಪಿಸುವ ಬಗೆಯನ್ನೂ ಯೋಚಿಸಿದ್ದಾನೆ. ಕ್ಷಾಮ ಬಂದರೆ ಬಿತ್ತನೆಯ ಬೀಜ ಎಲ್ಲಿಂದ ಕೊಡಬೇಕು ಎಂಬ ವಿಚಾರ ನಾಲ್ಕನೆಯ ಅಧಿಕರಣದಲ್ಲಿದೆ. ರಾಜ್ಯವೆಂದರೆ ಒಡಂಬಡಿಕೆಯೋ ದೇವರ ಆಜ್ಞೆಯೋ ಎಂದು ಯೂರೋಪಿನವರು ಕೇಳಿದರು. ರಾಜ್ಯವೆಂದರೆ ದಿನದಿನದ ಕೆಲಸ, ಅದನ್ನು ಮಾಡುವವನು ಕದಿಯುತ್ತಾನೆ, ಏನು ಮಾಡೋಣ ಎಂದು ಈತ ಕೇಳಿದ. ಇದೂ ಒಂದು ತತ್ತ್ವಪ್ರಶ್ನೆಯೇ. ಮೆಕಿಯವೆಲ್ಲಿಯ ಕನ್ನಡಕ ಹಾಕಿದವರಿಗೆ ಈ ಪುಟಗಳು ಕಾಣಿಸುವುದಿಲ್ಲ.

ಇನ್ನೊಂದು ಕಡೆಯಿಂದ ನಮ್ಮವರೂ ಒಂದು ಕನ್ನಡಕ ತಂದರು. ಪರರ ಆಳ್ವಿಕೆಯಲ್ಲಿದ್ದ ದೇಶಕ್ಕೆ, ನಮಗೂ ರಾಜ್ಯವಿದ್ದಿತು, ಶಾಸ್ತ್ರವಿದ್ದಿತು ಎಂದು ತೋರಿಸುವ ಅಗತ್ಯವಿತ್ತು. ಉಪೇಂದ್ರನಾಥ ಘೋಷಾಲರ ಇತಿಹಾಸ 1923ರಲ್ಲಿ ಬಂತು, ಕಾಶೀಪ್ರಸಾದ ಜಯಸ್ವಾಲರ 'ಹಿಂದೂ ಪಾಲಿಟಿ' 1924ರಲ್ಲಿ. ಡನಿಂಗರಂಥವರಿಗೆ ಕೊಟ್ಟ ಉತ್ತರಗಳಲ್ಲಿ ಇವು ಗಣ್ಯವಾದವು, ಬೇಕಾದವು. ಆದರೆ ಉತ್ತರ ಕೊಡುವ ಉತ್ಸಾಹದಲ್ಲಿ ಪ್ರಶ್ನೆ ಕೇಳುವುದು ಹಿಂದೆ ಬಿತ್ತು. ಇಂದು ಆ ಉತ್ಸಾಹ ಹೆಮ್ಮೆಯಾಗಿ, ಹೆಮ್ಮೆ ಘೋಷಣೆಯಾಗಿದೆ. ಕೌಟಿಲ್ಯನನ್ನು ಒಂದು ಪುಟವೂ ಓದದವರು ಅವನ ಹೆಸರಿನಲ್ಲಿ ಹಿತವಚನಗಳನ್ನು ಹಂಚುತ್ತಾರೆ. ವಿದ್ವಾಂಸರ ಕೆಲಸ ಮಾತ್ರ ಸದ್ದಿಲ್ಲದೆ ನಡೆದಿದೆ. ಮುಂಬಯಿಯ ಆರ್.ಪಿ. ಕಾಂಗ್ಲೆಯವರು 1960ರಿಂದ 1965ರವರೆಗೆ ಪರಿಷ್ಕೃತ ಮೂಲ, ಅನುವಾದ, ಅಧ್ಯಯನ ಎಂದು ಮೂರು ಸಂಪುಟ ಕೊಟ್ಟರು. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಪದಗಳ ಬಳಕೆಯನ್ನು ಎಣಿಸಿ ನೋಡಿ ಗ್ರಂಥ ಒಬ್ಬನ ಕೈಯದಲ್ಲವೆಂದರು. 2013ರಲ್ಲಿ ಪ್ಯಾಟ್ರಿಕ್ ಒಲಿವೆಲ್ ಹೊಸ ಅನುವಾದ ಮಾಡಿ, ಇದು ಚಂದ್ರಗುಪ್ತ ಮೌರ್ಯನ ಮಂತ್ರಿಯ ಕಾಲಕ್ಕಿಂತ ಈಚಿನದೆಂದು ವಾದಿಸಿದರು. ಚಾಣಕ್ಯನೇ ಬರೆದನೆಂದು ನಂಬಿ ಬೆಳೆದವರಿಗೆ ಇದು ಕಹಿ. ಆದರೆ ಪಂಕ್ತಿಯಲ್ಲಿ ನಿಜವಾಗಿ ಕೂತ ಗ್ರಂಥಕ್ಕೆ ಮಾತ್ರ ಇಂಥ ಪರೀಕ್ಷೆಯ ಗೌರವ ಸಲ್ಲುತ್ತದೆ. ಪೂಜೆಯ ಮಣೆಯ ಮೇಲೆ ಕೂರಿಸಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲ, ಓದುವುದೂ ಇಲ್ಲ.

ಓದಿದರೆ ಕಾಣುವ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಕೌಟಿಲ್ಯನ ರಾಜ್ಯದಲ್ಲಿ ಒಂದೇ ತಪ್ಪಿಗೆ ವರ್ಣ ನೋಡಿ ದಂಡ ಹೆಚ್ಚು ಕಡಮೆಯಾಗುತ್ತದೆ. ಈ ಮಾತು ನಮ್ಮನ್ನು ಇನ್ನೊಂದು ಗ್ರಂಥದ ಬಾಗಿಲಿಗೆ ಕರೆದೊಯ್ಯುತ್ತದೆ.

ಡನಿಂಗರು ಪಾಠ ಹೇಳುತ್ತಿದ್ದ ಅದೇ ಕೊಲಂಬಿಯಕ್ಕೆ 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಭಾರತದ ಯುವಕನೊಬ್ಬ ಹೋದ. ಹೆಸರು ಭೀಮರಾವ್ ಅಂಬೇಡ್ಕರ್. ಶಾಮಶಾಸ್ತ್ರಿಗಳ ಅನುವಾದ ಹೊರಬಂದ 1915ರಲ್ಲಿಯೇ ಅವರು ಅಲ್ಲಿ ಎಂ.ಎ. ಪದವಿ ಪಡೆದರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಲು ಕರೆಯಿತು. ಭಾಷಣವನ್ನು ಮುಂದಾಗಿ ಓದಿ ನೋಡಿದವರಿಗೆ ಅದು ಜೀರ್ಣವಾಗಲಿಲ್ಲ, ಸಮ್ಮೇಳನವೇ ನಿಂತಿತು. ಆಡಲಾಗದೆ ಉಳಿದ ಆ ಭಾಷಣವನ್ನು ಅಂಬೇಡ್ಕರರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಅವು ಮುಗಿದವು. ಅದೇ 'ಜಾತಿ ವಿನಾಶ'. ಊಟಕ್ಕೆ ಕರೆದು, ಮುಖ ನೋಡಿದ ಮೇಲೆ ಎಲೆ ತೆಗೆದ ಕಥೆ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿದೆ?

ನಾನು ವಿದ್ಯಾರ್ಥಿಯಾಗಿದ್ದಾಗ ಅಂಬೇಡ್ಕರರ ಹೆಸರು ಪಠ್ಯದಲ್ಲಿ ಇರಲಿಲ್ಲವೆಂದಲ್ಲ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೆಂದು ಇದ್ದರು, ಸಮಾಜ ಸುಧಾರಕರೆಂದು ಇದ್ದರು, ರಾಜ್ಯತತ್ತ್ವಜ್ಞರೆಂದು ಇರಲಿಲ್ಲ. 'ಜಾತಿ ವಿನಾಶ'ವನ್ನು ಓದಿ ನೋಡಿದರೆ, ಅದು ಕೇಳುವುದು ರಾಜ್ಯತತ್ತ್ವದ ಮೂಲ ಪ್ರಶ್ನೆಯನ್ನೇ: ಒಂದಾಗಿ ಬಾಳುವುದನ್ನು ಅರಿಯದ ಜನ ಒಂದು ಪ್ರಜಾರಾಜ್ಯವನ್ನು ಕಟ್ಟಬಲ್ಲರೆ? ಲಾಕನೂ ರೂಸೋನೂ ಒಡಂಬಡಿಕೆಗೆ ಸೇರುವ ಜನ ಮೊದಲೇ ಪರಸ್ಪರ ಸಮರೆಂದು ಹಿಡಿದು ಹೊರಟರು. ಕೌಟಿಲ್ಯ ಅಸಮರೆಂದು ಹಿಡಿದು ಹೊರಟ. ಈ ಎರಡು ಹಿಡಿತಗಳನ್ನೂ ಒಟ್ಟಿಗೆ ಪ್ರಶ್ನಿಸುವುದು 'ಜಾತಿ ವಿನಾಶ'. ಸಮಾಜಸುಧಾರಣೆ ಎಂಬ ಚೀಟಿ ಅಂಟಿಸಿ ಬೇರೆ ಕಪಾಟಿನಲ್ಲಿಟ್ಟುದರಿಂದ ನಷ್ಟವಾದದ್ದು ಅಂಬೇಡ್ಕರರಿಗಲ್ಲ. ರಾಜ್ಯತತ್ತ್ವ ಓದಿದ ನಮಗೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಎಲ್ಲವೂ ಆಕಸ್ಮಿಕ, ಎಲ್ಲವೂ ಎಲೆ ಹಾಕುವವರ ಇಷ್ಟ ಎಂದಾದರೆ ಗ್ರಂಥಕ್ಕೆ ಸ್ವಂತ ಗುಣವೆಂಬುದೇ ಇಲ್ಲವೆ? ಹಾಗಿದ್ದರೆ ಪ್ಲೇಟೋನನ್ನು ಎಬ್ಬಿಸಿ ಯಾರನ್ನಾದರೂ ಕೂರಿಸಬಹುದಲ್ಲ? ಕೆಲವರು ಈಗೀಗ ಹಾಗೆಯೇ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ಎಲೆ ಹಾಕಿಸಿಕೊಂಡವರೆಲ್ಲ ಪಂಕ್ತಿಯಲ್ಲಿ ಉಳಿಯಲಿಲ್ಲ. ಫಿಲ್ಮರನ ಬೆನ್ನಿಗೆ ಒಂದು ಅರಮನೆಯೇ ಇತ್ತು. ಆದರೂ ಎದ್ದು ಹೋದ. ಹಾಬ್ಸನನ್ನು ಸುಟ್ಟರು, ಆದರೂ ಬಂದು ಕೂತ. ತನ್ನ ಕಾಲದ ಜಗಳದಿಂದ ಹುಟ್ಟಿ, ಆ ಜಗಳ ಮುಗಿದ ಮೇಲೂ ಬೇರೆ ಕಾಲದವನನ್ನು ತಡೆದು ನಿಲ್ಲಿಸಿ "ನಿನ್ನ ಉತ್ತರವೇನು?" ಎಂದು ಕೇಳಬಲ್ಲ ಶಕ್ತಿ ಕೆಲವು ಗ್ರಂಥಗಳಿಗೆ ಮಾತ್ರ ಇದೆ. ಅದೇ ಗುಣ. ಆದರೆ ಆ ಗುಣ ಪರೀಕ್ಷೆಗೆ ಒಳಗಾಗಬೇಕಾದರೆ ಗ್ರಂಥ ಮೊದಲು ಒಳಗೆ ಬಂದಿರಬೇಕು. ಓದದೆ ಇದ್ದುದನ್ನು ಜೊಳ್ಳೆಂದು ತೂರುವುದು ಜರಡಿಯ ಕೆಲಸವಲ್ಲ, ಸೋಮಾರಿತನದ ಕೆಲಸ. ಗುಣ ಗ್ರಂಥದ್ದು, ಅವಕಾಶ ನಮ್ಮದು. ಕಾಲ ಎಂಬ ದೊಡ್ಡ ಹೆಸರಿನ ಹಿಂದೆ ನಾವು ಬಚ್ಚಿಟ್ಟುಕೊಳ್ಳುವುದು ಈ ಹೊಣೆಯನ್ನು.

ಹೊಣೆ ಎಂದರೆ ದೊಡ್ಡ ಮಾತೇನಲ್ಲ. ಪಾಶ್ಚಾತ್ಯ ರಾಜ್ಯತತ್ತ್ವಕ್ಕೊಂದು ಪೇಪರು, ಭಾರತೀಯ ರಾಜ್ಯತತ್ತ್ವಕ್ಕೊಂದು ಪೇಪರು ಎಂದು ಎರಡು ಮಾಡಿರುವುದನ್ನು ನಾವು ಔದಾರ್ಯವೆಂದು ತಿಳಿದಿದ್ದೇವೆ. ನಮ್ಮ ಹಿರಿಯರ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿದೆ: ಪಂಕ್ತಿಭೇದ. ಒಂದೇ ಮನೆ, ಒಂದೇ ಅಡುಗೆ, ಬೇರೆ ಸಾಲು. ಒಂದರಲ್ಲಿ ಕೂತವರು 'ತತ್ತ್ವಜ್ಞರು', ಇನ್ನೊಂದರಲ್ಲಿ ಕೂತವರು 'ಭಾರತೀಯರು'. ಬೇರೆ ಕೂರಿಸಿದ್ದರಿಂದ ಆದ ದೊಡ್ಡ ಕೇಡೆಂದರೆ ಅವರು ಒಬ್ಬರೊಡನೊಬ್ಬರು ಮಾತಾಡಲಿಲ್ಲ. ದಂಡದ ಭಯದ ಬಗೆಗೆ ಹಾಬ್ಸನೂ ಕೌಟಿಲ್ಯನೂ, ಸಮಾನತೆಯ ಬಗೆಗೆ ರೂಸೊ, ವೊಲ್‌ಸ್ಟನ್‌ಕ್ರಾಫ್ಟ್, ಅಂಬೇಡ್ಕರ್ ಮೂವರೂ ಒಂದೇ ಸಾಲಿನಲ್ಲಿ ಕೂತು, ಒಂದೇ ಪ್ರಶ್ನೆಪತ್ರಿಕೆಯಲ್ಲಿ ಎದುರುಬದುರಾಗಬೇಕು. ಆಗ ಯಾರ ವಾದ ನಿಲ್ಲುತ್ತದೆ, ಯಾರದು ಬೀಳುತ್ತದೆ ಎಂಬುದು ತಿಳಿಯುತ್ತದೆ. ಕೌಟಿಲ್ಯ ಸೋಲಲಿ, ಚಿಂತೆಯಿಲ್ಲ. ಪಂಕ್ತಿಯಲ್ಲಿ ಕೂತು ಸೋಲಲಿ.

ಆ ಹುಡುಗಿ ಪುಸ್ತಕವನ್ನು ಹದಿನೈದು ದಿನ ಇಟ್ಟುಕೊಂಡು ಹಿಂದಿರುಗಿಸಿದಳು. ನೂಲಿನ ಅಧ್ಯಕ್ಷನ ಪ್ರಕರಣದಲ್ಲಿ ಒಂದು ಬಸ್ಸಿನ ಟಿಕೆಟ್ಟು ಗುರುತಿಗಿಟ್ಟದ್ದು ಹಾಗೆಯೇ ಉಳಿದಿತ್ತು. "ಸರ್, ವಿಧವೆಯರಿಗೆ ಕೆಲಸ ಕೊಡಬೇಕು ಅಂತಾನೆ, ಸರಿ. ಆದರೆ ಕೂಲಿ ತೆಗೆದುಕೊಂಡು ಕೆಲಸ ಮಾಡದಿದ್ದರೆ ಹೆಬ್ಬೆರಳು ಕತ್ತರಿಸಬೇಕು ಅಂತಾನಲ್ಲ?" ಎಂದು ಕೇಳಿದಳು. ನನಗೆ ಸಂತೋಷವಾಯಿತು. ಗ್ರಂಥವನ್ನು ಪಂಕ್ತಿಗೆ ಕರೆದು ಕೂರಿಸುವುದೆಂದರೆ ಇದೇ: ಪೂಜೆಯೂ ಅಲ್ಲ, ತಿರಸ್ಕಾರವೂ ಅಲ್ಲ, ಎದುರು ಕೂತು ಕೇಳುವುದು.

ಗ್ರಂಥಪಾಲಕರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಅಂದೇ ಕೊಟ್ಟೆ. ಪುಸ್ತಕ ಈಗ ರಾಜ್ಯಶಾಸ್ತ್ರದ ಕಪಾಟಿನಲ್ಲಿದೆ. ಒಂದು ಬದಿಗೆ ಹಾಬ್ಸ್, ಇನ್ನೊಂದು ಬದಿಗೆ ಅಂಬೇಡ್ಕರ್. ಅಕಾರಾದಿಯಾಗಿ ಅದು ತಪ್ಪು ಎಂದು ಅವರು ಗೊಣಗಿದರು. ಇರಲಿ, ನಾಲ್ಕು ದಿನ ಒಟ್ಟಿಗೆ ಕೂರಲಿ ಎಂದೆ.